ಬ್ರಸೆಲ್ಸ್‌ನಲ್ಲಿ ಒಂದು ರಾತ್ರಿಯ ಊಟ: ಮೇ ತಿಂಗಳು, ಆರು ಜನ, ಇಬ್ಬರು ಮೊಟ್ಟೆಯನ್ನೂ ಮುಟ್ಟದವರು. ಯಾವ ರೆಸ್ಟೋರೆಂಟ್?

ಗೋರೆಗಾಂವ್_ಗಿರಿ

ಎಲ್ಲರಿಗೂ ನಮಸ್ಕಾರ. ಮೇ ಮೂರನೇ ವಾರ ಮುಂಬೈಯಿಂದ ಆರು ಜನ ಬೆಲ್ಜಿಯಮ್‌ಗೆ ಹೊರಟಿದ್ದೇವೆ. ಉಳಿಯುವುದು ಆ್ಯಂಟ್‌ವರ್ಪ್‌ನಲ್ಲಿ, ಬ್ರಸೆಲ್ಸ್‌ಗೆ ಒಂದೇ ದಿನ. ಆ ದಿನದ ರಾತ್ರಿಯೂಟ ಅಪ್ಪ-ಅಮ್ಮನ ಮದುವೆಯ 45ನೇ ವರ್ಷದ್ದು, ಹಾಗಾಗಿ ಒಳ್ಳೆಯ ಜಾಗವೇ ಆಗಬೇಕು. ಊಟ ಬೆಲ್ಜಿಯಮ್‌ನದ್ದೇ ಇರಲಿ, ಅಲ್ಲಿಗೆ ಹೋಗಿ ಪಿಜ್ಜಾ ಅಥವಾ ಪನೀರ್ ತಿನ್ನುವ ಮನಸ್ಸಿಲ್ಲ.

ತಿನ್ನುವವರ ಲೆಕ್ಕ ಹೀಗಿದೆ. ಅಪ್ಪ-ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ; ಹಾಲು, ಬೆಣ್ಣೆ, ಚೀಸ್, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ನಡೆಯುತ್ತದೆ. ಅಕ್ಕ-ಭಾವ ಮೀನಿನವರು, ಭಾವ ಕುಂದಾಪುರದ ಕಡೆಯವರು. ನಾನು ಮತ್ತು ನನ್ನ ಹೆಂಡತಿ ಮೀನು, ಕೋಳಿ ಎರಡೂ ತಿನ್ನುತ್ತೇವೆ. ದನದ ಮಾಂಸ ಯಾರಿಗೂ ಬೇಡ. ತಲೆಗೆ 80 ಯೂರೊ ಎಂದುಕೊಂಡಿದ್ದೇನೆ. ಅಮ್ಮನಿಗೆ ಮಂಡಿನೋವು.

ನೋಡಿಟ್ಟ ಹೆಸರುಗಳು ಮೂರು: ಕಾಮ್ ಶೇ ಸ್ವಾ, ಓಝಾರ್ಮ್ ದ ಬ್ರುಸೆಲ್, ಶೇ ಲೇಓಂ. ಭಾವನಿಗೆ ಮಸ್ಸೆಲ್ (ಚಿಪ್ಪಿನ ಕಡಲಜೀವಿ) ಮತ್ತು ಫ್ರೈಸ್ ತಿನ್ನಲೇಬೇಕೆಂಬ ಆಸೆ. ಇವುಗಳಲ್ಲಿ ಯಾವುದು, ಅಥವಾ ಬೇರೆ ಯಾವುದು? ಕಾರಣ ಸಮೇತ ಹೇಳಿದರೆ ಉಪಕಾರ.

---

ಮಾಟುಂಗ_ಮಂದಾರ

ಗಿರಿ ಅವರೇ, ನಿಮ್ಮ ಮೂರು ಹೆಸರು ಮೂರು ಬೇರೆ ಜಾತಿಯ ಮನೆಗಳು. ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ.

ಕಾಮ್ ಶೇ ಸ್ವಾ ಇರುವುದು ರೂಪ್ ಚೌಕದಲ್ಲಿ, ಶುರುವಾದದ್ದು 1926ರಲ್ಲಿ. 1979ರಲ್ಲಿ, ರೆಸ್ಟೋರೆಂಟ್‌ಗಳಿಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿಯ ಮೂರನೇ, ಅಂದರೆ ಅತಿ ಮೇಲಿನ, ನಕ್ಷತ್ರ ಪಡೆದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಉಳಿಸಿಕೊಂಡ ಅಡುಗೆಮನೆ. ಅಲ್ಲಿಯದು ಫ್ರೆಂಚ್ ಶಾಸ್ತ್ರೀಯ ಅಡುಗೆಗೆ ಬ್ರಸೆಲ್ಸ್‌ನ ಕೈ ಸೇರಿದ್ದು. ರಾತ್ರಿ ಅಲ್ಲಿ ಕುಳಿತರೆ 80 ಯೂರೊಗೆ ಊಟ ಮುಗಿಯುವುದಿಲ್ಲ. ಶೇ ಲೇಓಂ 1893ರದ್ದು, ಮಸ್ಸೆಲ್‌ಗೇ ಹೆಸರಾದದ್ದು, ಆದರೆ ಗದ್ದಲದ ಜಾಗ. ಮಕ್ಕಳೊಂದಿಗೆ ಮಧ್ಯಾಹ್ನ ಹೋಗಲು ಚೆನ್ನ, 45ನೇ ವರ್ಷದ ಊಟಕ್ಕಲ್ಲ. ಓಝಾರ್ಮ್ 1921ರ ಬ್ರಾಸರಿ. ಬ್ರಾಸರಿ ಅಂದರೆ ಮೂಲದಲ್ಲಿ ಬಿಯರ್ ಭಟ್ಟಿ. ಈಗ ದೊಡ್ಡ ಊಟದ ಕೋಣೆ, ಉದ್ದನೆಯ ಪಟ್ಟಿ, ಪಳಗಿದ ಮಾಣಿಗಳು ಇರುವ ಊಟದ ಮನೆ. ನಿಮ್ಮಂಥ ಆರು ಬಾಯಿ ಆರು ರುಚಿಯ ಗುಂಪಿಗೆ ಒಳ್ಳೆಯ ಬ್ರಾಸರಿಯೇ ಸರಿ.

ಒಂದು ಪದದ ಗೊಂದಲ ಮೊದಲೇ ಬಿಡಿಸಿಕೊಳ್ಳಿ. ಅಲ್ಲಿ ‘ಮೆನ್ಯು’ ಅಂದರೆ ಮಾಟುಂಗದ ರಾಮ ನಾಯಕರಲ್ಲಿ ಸಿಗುವ ಊಟದ ಹಾಗೆ, ಬೆಲೆ ನಿಗದಿಯಾದ ಇಡೀ ಊಟ. ನಾವು ಮೆನು ಎನ್ನುವ ಪಟ್ಟಿಗೆ ಅವರು ‘ಕಾರ್ತ್’ ಎನ್ನುತ್ತಾರೆ. ‘ಆಂತ್ರೇ’ ಅಂದರೆ ಮೊದಲ ತಟ್ಟೆ, ‘ಪ್ಲಾ’ ಅಂದರೆ ಮುಖ್ಯ ತಟ್ಟೆ. ನಕ್ಷತ್ರ ಪಡೆದ ಅನೇಕ ಮನೆಗಳಲ್ಲಿ ರಾತ್ರಿ ಕಾರ್ತ್ ಇರುವುದೇ ಇಲ್ಲ, ಇಡೀ ಮೇಜಿಗೆ ಒಂದೇ ಮೆನ್ಯು, ಏಳೆಂಟು ಪುಟ್ಟ ತಟ್ಟೆಗಳು, ಮೂರು ಗಂಟೆ. ಎಪ್ಪತ್ತು ದಾಟಿದವರನ್ನು ಮೂರು ಗಂಟೆ ಕೂರಿಸುವುದು ಹಬ್ಬವಲ್ಲ. ಕಾಯ್ದಿರಿಸುವ ಮುನ್ನ ಆ ದಿನ, ಆ ಹೊತ್ತಿಗೆ ಕಾರ್ತ್ ಇದೆಯೇ ಎಂದು ಕೇಳಿ. ನಕ್ಷತ್ರದ ಆಸೆ ಇಲ್ಲದಿದ್ದರೆ ಮಿಶೆಲಿನ್‌ನ ‘ಬಿಬ್ ಗೂರ್ಮಾಂ’ ಪಟ್ಟಿ ನೋಡಿ. ಮಿತವಾದ ಬೆಲೆಗೆ ಒಳ್ಳೆಯ ಅಡುಗೆ ಕೊಡುವವರಿಗೆಂದೇ ಇರುವ ಗುರುತು ಅದು.

ಅಪ್ಪ-ಅಮ್ಮನ ತಟ್ಟೆಯೇ ಮುಖ್ಯ ಎಂದಾದರೆ ದಾರಿ ಬೇರೆ. ಇಕ್ಸೆಲ್ ಬಡಾವಣೆಯ ಹ್ಯೂಮಸ್ ಹೋರ್ತೆನ್ಸ್ ಪೂರ್ತಿ ಸಸ್ಯಮೂಲದ ಅಡುಗೆಯದು, ಮಿಶೆಲಿನ್ ನಕ್ಷತ್ರವೂ ಬಂದಿದೆ. ಆದರೆ ಅಲ್ಲಿ ಭಾವನಿಗೆ ಮೀನಿಲ್ಲ, ಮೇಜಿಗೆಲ್ಲ ಒಂದೇ ಮೆನ್ಯು, ಬಜೆಟ್ಟೂ ಮೀರುತ್ತದೆ.

ಬ್ರಾಸರಿಯ ಲೆಕ್ಕ ಸುಮಾರು ಹೀಗೆ ಕೂರುತ್ತದೆ: ಮೊದಲ ತಟ್ಟೆ 20ರಿಂದ 25, ಮುಖ್ಯ ತಟ್ಟೆ 28ರಿಂದ 40, ಸಿಹಿ 10ರಿಂದ 13, ನೀರು-ಬಿಯರ್ ಸೇರಿ ಇನ್ನು 8ರಿಂದ 10. ಎಲ್ಲರೂ ಮೂರೂ ತಟ್ಟೆ ತಿನ್ನುವುದಿಲ್ಲವಾದ್ದರಿಂದ 80ರೊಳಗೆ ಬರುತ್ತೀರಿ.

ಇನ್ನೊಂದು ಮಾತು. ಓಝಾರ್ಮ್, ಶೇ ಲೇಓಂ ಎರಡೂ ಇರುವುದು ರ‍್ಯೂ ದೇ ಬೂಶೇ ಎಂಬ ಒಂದೇ ಓಣಿಯಲ್ಲಿ. ಆ ಓಣಿಯುದ್ದಕ್ಕೂ ಐಸಿನ ಮೇಲೆ ಮೀನು ಹರಡಿ, ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವವರಿದ್ದಾರೆ. ಕರೆಯುವ ಮನೆಗೆ ಹೋಗಬೇಡಿ. ಹೊರಗಿನ ಹಲಗೆಯಲ್ಲಿ 15 ಯೂರೊ ಎಂದಿರುತ್ತದೆ, ಒಳಗೆ ಕೂತ ಮೇಲೆ ‘ಅದು ಮುಗಿದಿದೆ’ ಎಂದು ಬೇರೆ ಪಟ್ಟಿ ಬರುತ್ತದೆ. ಕಾಯ್ದಿರಿಸಿದ ಹೆಸರು ಹೇಳಿ ನೇರ ನಿಮ್ಮ ಬಾಗಿಲಿಗೆ ನಡೆಯಿರಿ.

---

ಕಾರವಾರದ_ಕಡಲು

ಭಾವನಿಗೆ ಈಗಲೇ ಹೇಳಿಬಿಡಿ: ಮೇನಲ್ಲಿ ಮಸ್ಸೆಲ್ ಬೇಡ.

ಮಸ್ಸೆಲ್ ಅಂದರೆ ನಮ್ಮ ಕಡೆಯ ನೀಲಿಕಲ್ಲು, ಮಂಗಳೂರಿನವರ ಪಚ್ಚಿಲೆ. ನಮ್ಮದಕ್ಕೆ ಹಸಿರು ಅಂಚಿನ ಚಿಪ್ಪು, ಅಲ್ಲಿಯದು ಕಪ್ಪು-ನೀಲಿ, ಗಾತ್ರದಲ್ಲಿ ಚಿಕ್ಕದು. ಬ್ರಸೆಲ್ಸ್‌ನ ಒಳ್ಳೆಯ ಮನೆಗಳು ತರಿಸುವುದು ನೆದರ್‌ಲ್ಯಾಂಡ್ಸ್‌ನ ಝೇಲಂಡ್ ಕರಾವಳಿಯಿಂದ. ಅದರ ಹಂಗಾಮು ಜುಲೈಯಿಂದ ಏಪ್ರಿಲ್ ನಡುವಿನವರೆಗೆ. ವಸಂತದಲ್ಲಿ ಅದು ಮೊಟ್ಟೆಯಿಡುತ್ತದೆ, ಒಳಗಿನ ಮಾಂಸ ಬಡವಾಗುತ್ತದೆ. ಒಬ್ಬರಿಗೆ ಕೊಡುವುದು ಚಿಪ್ಪು ಸೇರಿ 1ರಿಂದ 1.2 ಕಿಲೊ. ಒಳ್ಳೆಯ ಕಾಲದಲ್ಲಿ ಅದರ ಕಾಲು ಭಾಗಕ್ಕೂ ಮೀರಿ ಮಾಂಸ ಸಿಗುತ್ತದೆ, ಮೇನಲ್ಲಿ ಚಿಪ್ಪೇ ಹೆಚ್ಚು. ಆಗಲೂ ಪಟ್ಟಿಯಲ್ಲಿ ಮಸ್ಸೆಲ್ ಇದ್ದರೆ ಅದು ಬೇರೆ ಕಡಲಿನದ್ದು. ಎಲ್ಲಿಯದು ಎಂದು ಕೇಳಿ; ಹೇಳಲು ತಡವರಿಸಿದರೆ ಬಿಡಿ. ಹಂಗಾಮು ಇಲ್ಲದಾಗ ಪಟ್ಟಿಯಿಂದಲೇ ತೆಗೆದುಬಿಡುವ ಮನೆ ಇದೆಯಲ್ಲ, ನಂಬಬೇಕಾದದ್ದು ಅಂಥದ್ದನ್ನು.

ಮೇನಲ್ಲಿ ಅವರಿಗೆ ಬೇಕಾದ್ದು ಎರಡು. ಒಂದು, ಬೂದು ಸಿಗಡಿಯ ಕ್ರೋಕೆಟ್ (ಕರಿದ ಉರುಳೆ). ಉತ್ತರ ಸಮುದ್ರದ ಈ ಸಿಗಡಿ ಮುಂಬೈಯ ಸಸೂನ್ ಡಾಕ್ ಮೀನುಪೇಟೆಯ ಪುಟ್ಟ ಸಿಗಡಿ ಜವಳಾಕ್ಕಿಂತ ತುಸು ದೊಡ್ಡದು ಅಷ್ಟೆ, ಆದರೆ ರುಚಿ ಗಾತ್ರವನ್ನು ಮೀರಿದ್ದು. ಓಸ್ಟ್‌ಡೌನ್‌ಕೆರ್ಕೆ ಎಂಬ ಊರಲ್ಲಿ ಇಂದಿಗೂ ಕೆಲವರು ಕುದುರೆಯ ಮೇಲೆ ಕುಳಿತು, ಎದೆಮಟ್ಟದ ನೀರಿನಲ್ಲಿ ಬಲೆ ಎಳೆದು ಇದನ್ನು ಹಿಡಿಯುತ್ತಾರೆ. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಸುಬು. ಸುಲಿಯುವುದು ಕೈಯಿಂದಲೇ. ಕೂಲಿ ಹೆಚ್ಚೆಂದು ಬಹುಪಾಲು ಸಿಗಡಿಯನ್ನು ಮೊರಾಕ್ಕೊಗೆ ಕಳಿಸಿ ಸುಲಿಸಿ ತರಿಸುತ್ತಾರೆ, ಎರಡು ಕ್ರೋಕೆಟ್‌ಗೆ 20 ಯೂರೊ ದಾಟಲು ಅದೂ ಒಂದು ಕಾರಣ.

ಮಾಡುವ ಕ್ರಮ ಗೊತ್ತಿದ್ದರೆ ಅಡುಗೆಮನೆಯ ಯೋಗ್ಯತೆ ಆ ಒಂದು ತಟ್ಟೆಯಲ್ಲೇ ತಿಳಿಯುತ್ತದೆ. ಸಿಪ್ಪೆ-ತಲೆ ಕುದಿಸಿದ ರಸದಲ್ಲಿ ಬೆಣ್ಣೆ, ಮೈದಾ, ಹಾಲು ಸೇರಿಸಿ ಗಟ್ಟಿ ಸಾಸ್ ಮಾಡಿ, ಸಿಗಡಿ ಬೆರೆಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಮಾರನೆಯ ದಿನ ಉರುಳೆ ಮಾಡಿ, ಮೈದಾ, ಮೊಟ್ಟೆಯ ಬಿಳಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ 180 ಡಿಗ್ರಿಯಲ್ಲಿ ಕರಿಯಬೇಕು. ಸರಿಯಾಗಿ ತಣಿಯದಿದ್ದರೆ ಎಣ್ಣೆಯಲ್ಲೇ ಒಡೆಯುತ್ತದೆ, ಆ ಭಯಕ್ಕೆ ಮೈದಾ ಹೆಚ್ಚು ಹಾಕಿದರೆ ಒಳಗೆ ಹಿಟ್ಟಿನ ಮುದ್ದೆ. ಮುರಿದಾಗ ಒಳಗಿನದು ಮೆಲ್ಲಗೆ ಹರಿಯಬೇಕು, ಒಂದೊಂದು ತುತ್ತಿಗೂ ಸಿಗಡಿ ಕಾಣಬೇಕು. ಜೊತೆಗೆ ಕರಿದ ಪಾರ್ಸ್ಲಿ ಸೊಪ್ಪು, ಒಂದು ಹೋಳು ನಿಂಬೆ. ಕೆಚಪ್ ಇಟ್ಟರೆ ಆ ಮನೆ ನಿಮ್ಮದಲ್ಲ.

ಎರಡನೆಯದು ಸೋಲ್ ಮೂನಿಯೇರ್. ಕುಂದಾಪುರದವರಿಗೆ ನಂಗು ಮೀನು ಎಂದರೆ ಸಾಕು. ಇಡೀ ಮೀನು, ಮುಳ್ಳು ಸಮೇತ, ತೆಳುವಾಗಿ ಮೈದಾ ಸವರಿ ಬೆಣ್ಣೆಯಲ್ಲಿ ಬೇಯಿಸಿದ್ದು. 400 ಗ್ರಾಮಿನದು ಒಬ್ಬರಿಗೆ ಸರಿ. ಬೆಣ್ಣೆ ಹುರಿಗಡಲೆ ಬಣ್ಣಕ್ಕೆ ಬಂದಿರಬೇಕು, ಕಪ್ಪಾದರೆ ಕಹಿ. ಮುಳ್ಳು ಬಿಡಿಸಲು ಬಾರದವರಿದ್ದರೆ ಮೇಜಿನಲ್ಲೇ ಬಿಡಿಸಿಕೊಡುತ್ತಾರೆ, ಕೇಳಬೇಕು. ಆದರೆ ಬೆಲೆಯ ಜಾಗದಲ್ಲಿ ‘ಪ್ರೀ ದ್ಯು ಝೂರ್’ (ಇಂದಿನ ದರ) ಎಂದೋ, 100 ಗ್ರಾಮಿಗೆ ಇಷ್ಟು ಎಂದೋ ಇದ್ದರೆ, ಆರ್ಡರ್ ಮಾಡುವ ಮೊದಲೇ ತೂಕ ಮತ್ತು ಒಟ್ಟು ಮೊತ್ತ ಕೇಳಿ. ಅಲ್ಲಿ ಬಿಲ್ ಏರುವುದು ಈ ಒಂದು ಸಾಲಿನಿಂದ.

ಗಿರಿ, ನಿಮಗಿಬ್ಬರಿಗೆ ಕೋಳಿಯ ವಾಟರ್‌ಝೋಯಿ. ಘೆಂಟ್ ಊರಿನ ಅಡುಗೆ. ಲೀಕ್, ಕ್ಯಾರೆಟ್, ಸೆಲರಿ, ಆಲೂಗಡ್ಡೆಯ ತಿಳಿಸಾರಿಗೆ ಕೊನೆಯಲ್ಲಿ ಕೆನೆ ಮತ್ತು ಮೊಟ್ಟೆಯ ಹಳದಿ. ಹಳದಿ ಹಾಕಿದ ಮೇಲೆ ಒಂದು ಕುದಿ ಬಂದರೂ ಮಜ್ಜಿಗೆಹುಳಿ ಒಡೆದ ಹಾಗೆ ಒಡೆಯುತ್ತದೆ. ತಟ್ಟೆಯಲ್ಲಿ ಸಣ್ಣ ಕಾಳುಕಾಳು ಕಂಡರೆ ಕಾರಣ ಅದೇ. ‘ಕೂಕೂ ದ ಮಲೀನ್’ ಎಂದಿದ್ದರೆ ಕೋಗಿಲೆ ಎಂದು ಹೆದರಬೇಡಿ, ಅದು ಮೆಖೆಲೆನ್ ಊರಿನ ಕೋಳಿ ತಳಿ, ಒಳ್ಳೆಯದು.

ದನದ ಮಾಂಸ ತಪ್ಪಿಸಲು ನಾಲ್ಕು ಹೆಸರು ನೆನಪಿಡಿ. ‘ಕಾರ್ಬೊನಾದ್’ ಅಥವಾ ಡಚ್‌ನಲ್ಲಿ ‘ಸ್ಟೂಫ್‌ಫ್ಲೇಸ್’ ಬಿಯರಿನಲ್ಲಿ ಬೇಯಿಸಿದ ದನದ ಮಾಂಸ. ‘ಫಿಲೇ ಅಮೆರಿಕಾಂ’ ಹಸಿ ದನದ ಮಾಂಸ, ಬೇಯಿಸುವುದೇ ಇಲ್ಲ. ‘ಬುಲೆಟ್’ ಅಂದರೆ ಹಂದಿ-ದನ ಬೆರೆತ ಉಂಡೆ. ‘ವೋಲೋವಾಂ’ ಕೋಳಿಯದೇ ಆದರೂ ಸಾಸ್‌ನೊಳಗೆ ಪುಟ್ಟ ಮಾಂಸದುಂಡೆಗಳಿರುತ್ತವೆ, ಬಹಳ ಜನ ಮೋಸಹೋಗುವುದು ಇಲ್ಲಿ.

ಹಾವುಮೀನಿನ ಹಸಿರು ಸಾರು (ಆಂಗೀಯ್ ಓ ವೇರ್) ಅಲ್ಲಿಯ ಹಳೆಯ ಹೆಮ್ಮೆ. ಆದರೆ ಯುರೋಪಿನ ಹಾವುಮೀನು ಅಳಿವಿನಂಚಿಗೆ ಬಂದಿದೆ. ಬಿಟ್ಟುಬಿಡಿ ಎನ್ನುತ್ತೇನೆ.

---

ತುಂಗಾ_ಠಾಣೆ

ನಾನು ಅಪ್ಪ-ಅಮ್ಮನ ತಟ್ಟೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಉಳಿದ ನಾಲ್ವರಿಗೆ ಬ್ರಸೆಲ್ಸ್‌ನ ಯಾವ ಬ್ರಾಸರಿಯಲ್ಲೂ ಊಟ ಸಿಗುತ್ತದೆ. ಜಾಗ ಆರಿಸಬೇಕಾದದ್ದು ಈ ಇಬ್ಬರನ್ನು ನೋಡಿ.

‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಅಲ್ಲಿ ಮೊಟ್ಟೆ ಸೇರಿದ ಹಾಗೇ ಲೆಕ್ಕ, ಕೆಲವೆಡೆ ಮೀನೂ ಸೇರಿಬಿಡುತ್ತದೆ. ಅದಕ್ಕಿಂತ ಕಷ್ಟ, ಕಣ್ಣಿಗೆ ಕಾಣದ ವಸ್ತುಗಳದ್ದು. ಟೊಮೇಟೊ ಸೂಪ್ ಕೇಳಿದರೆ ಅದರಲ್ಲಿ ಗೋಲಿ ಗಾತ್ರದ ಮಾಂಸದುಂಡೆಗಳು ತೇಲುತ್ತಿರುತ್ತವೆ, ಅದು ಅವರ ಮನೆಮನೆಯ ಪದ್ಧತಿ. ಶತಾವರಿ (ಆಸ್ಪರಾಗಸ್ ತರಕಾರಿ) ಸೂಪಿನ ತಳ ಕೋಳಿಯ ರಸ, ಈರುಳ್ಳಿ ಸೂಪಿನದು ದನದ ರಸ. ಸ್ಟೂಂಪ್ ಎಂಬ ತರಕಾರಿ ಬೆರೆಸಿ ಮಸೆದ ಆಲೂಗಡ್ಡೆ ನೋಡಲು ನಿರಪಾಯ, ಆದರೆ ಹಂದಿ ಕೊಬ್ಬಿನ ಚೂರು ಹಾಕುವುದುಂಟು. ಚೀಸ್ ಕ್ರೋಕೆಟ್‌ನ ಹೊರಪದರಕ್ಕೆ ಮೊಟ್ಟೆ, ಅಣಬೆ ಟೋಸ್ಟ್‌ನ ಬ್ರಿಯೋಶ್ ಬ್ರೆಡ್ಡಿನಲ್ಲೂ ಮೊಟ್ಟೆ, ಮೇಯೊನೇಸ್ ಅಂತೂ ಮೊಟ್ಟೆಯೇ.

ಫ್ರೈಸ್ ಇನ್ನೂ ದೊಡ್ಡ ಬಲೆ. ಬೆಲ್ಜಿಯಮ್‌ನ ಸಾಂಪ್ರದಾಯಿಕ ಫ್ರೈಸ್ ಕರಿಯುವುದು ದನದ ಕೊಬ್ಬಿನಲ್ಲಿ. ಫ್ರೆಂಚ್‌ನಲ್ಲಿ ‘ಬ್ಲಾಂ ದ ಬಫ್’, ಡಚ್‌ನಲ್ಲಿ ‘ಓಸೆವಿಟ್’. ಬಿಂಟ್ಯೆ ತಳಿಯ ಆಲೂಗಡ್ಡೆಯನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ, ಮೊದಲು 140-150 ಡಿಗ್ರಿಯಲ್ಲಿ ಐದಾರು ನಿಮಿಷ ಬೇಯಿಸಿ, ಅರ್ಧ ಗಂಟೆಯಾದರೂ ಆರಲು ಬಿಟ್ಟು, ಮತ್ತೆ 175-180 ಡಿಗ್ರಿಯಲ್ಲಿ ಎರಡು ಮೂರು ನಿಮಿಷ ಕರಿದಾಗ ಹೊರಗೆ ಗರಿಗರಿ, ಒಳಗೆ ಹಿಟ್ಟಿನ ಹಾಗೆ ಮೃದು. ಆ ಪರಿಮಳ ಕೊಬ್ಬಿನದ್ದೇ. ದನದ ಮಾಂಸ ಬೇಡ ಎಂದ ನಿಮ್ಮ ಆರೂ ಜನಕ್ಕೂ ಇದು ಅನ್ವಯ. ಹಲವು ಒಳ್ಳೆಯ ಮನೆಗಳು ಈಗ ಸಸ್ಯದೆಣ್ಣೆ ಬಳಸುತ್ತವೆ, ಆದರೆ ಅದೇ ಬಾಣಲೆಯಲ್ಲಿ ಸಿಗಡಿ ಕ್ರೋಕೆಟ್ ಕೂಡ ಬಿದ್ದಿರುತ್ತದೆ. ಹಾಗಾಗಿ ಪ್ರಶ್ನೆ ಎರಡು: ಎಣ್ಣೆ ಯಾವುದು, ಬಾಣಲೆ ಬೇರೆಯೇ. ಇಲ್ಲ ಎಂದರೆ ಬೇಯಿಸಿದ ಆಲೂಗಡ್ಡೆಗೆ ಬೆಣ್ಣೆ-ಪಾರ್ಸ್ಲಿ ಹಾಕಿಸಿಕೊಳ್ಳಿ.

ಚೀಸ್ ಬಗ್ಗೆ ಅಪ್ಪ-ಅಮ್ಮನಿಗೆ ತಿಳಿಸಿ ಅವರೇ ತೀರ್ಮಾನಿಸಲಿ. ಯುರೋಪಿನ ಹಲವು ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಯಲು ಹಾಕುವ ರೆನೆಟ್ ಕರುವಿನ ಹೊಟ್ಟೆಯಿಂದ ತೆಗೆದದ್ದು. ಪಾರ್ಮೆಝಾನ್ ಮತ್ತು ಗ್ರುಯೇರ್‌ನಲ್ಲಿ ಅದು ಇದ್ದೇ ಇರುತ್ತದೆ.

ಇಷ್ಟೆಲ್ಲ ಬೇಡಗಳ ನಡುವೆ ಒಂದು ದೊಡ್ಡ ಸಮಾಧಾನ ಇದೆ, ಅದಕ್ಕೇ ನಿಮ್ಮ ಮೇ ತಿಂಗಳು ಒಳ್ಳೆಯದು ಎನ್ನುವುದು. ಬಿಳಿ ಶತಾವರಿ! ಏಪ್ರಿಲ್‌ನಲ್ಲಿ ಶುರುವಾಗಿ ಸಂಪ್ರದಾಯದ ಪ್ರಕಾರ ಜೂನ್ 24ಕ್ಕೆ ಕೊಯ್ಲು ನಿಲ್ಲುತ್ತದೆ. ಬಿಸಿಲು ತಾಗದಂತೆ ಮಣ್ಣಿನ ದಿಬ್ಬದೊಳಗೆ ಬೆಳೆಸಿ, ತುದಿ ಮಣ್ಣು ಒಡೆಯುವ ಮುನ್ನ ಕತ್ತರಿಸುತ್ತಾರೆ, ಅದಕ್ಕೇ ಬಿಳುಪು. ಹೆಬ್ಬೆರಳಿನ ದಪ್ಪ, ಸ್ವಲ್ಪ ಸಿಹಿ, ಹಿಂದೆ ಒಂದೆಳೆ ಕಹಿ. ‘ಅಸ್ಪೆರ್ಝ್ ಆ ಲಾ ಫ್ಲಮಾಂದ್’ ಎಂದು ಪಟ್ಟಿಯಲ್ಲಿರುತ್ತದೆ: ಬೇಯಿಸಿದ ಶತಾವರಿ, ಕರಗಿಸಿದ ಬೆಣ್ಣೆ, ಪಾರ್ಸ್ಲಿ, ಮೇಲೆ ಪುಡಿ ಮಾಡಿದ ಬೆಂದ ಮೊಟ್ಟೆ. ಮೊಟ್ಟೆ ಕೊನೆಗೆ ಉದುರಿಸುವ ವಸ್ತುವಾದ್ದರಿಂದ ‘ಮೊಟ್ಟೆ ಬೇಡ’ ಎಂದರೆ ಅಡುಗೆ ಕೆಡುವುದಿಲ್ಲ, ಬೇರೆ ಪಾತ್ರೆಯೂ ಬೇಕಿಲ್ಲ. ಬೇಯಿಸುವ ನೀರಿಗೆ ಕೋಳಿ ರಸ ಹಾಕುತ್ತಾರೆಯೇ ಎಂದು ಮಾತ್ರ ಕೇಳಿ. ಮುಖ್ಯ ತಟ್ಟೆಯಾಗಿ ಕೇಳಿದರೆ ಒಬ್ಬರಿಗೆ 400-500 ಗ್ರಾಮ್, ಆರೇಳು ಕಡ್ಡಿ. ನಾರು ಹಲ್ಲಿಗೆ ಸಿಕ್ಕಿದರೆ ಸಿಪ್ಪೆ ಸರಿಯಾಗಿ ಹೆರೆದಿಲ್ಲ ಎಂದರ್ಥ; ಹಸಿರು ಶತಾವರಿಯ ಹಾಗಲ್ಲ, ಇದರ ಸಿಪ್ಪೆಯನ್ನು ತುದಿಯ ಕೆಳಗಿನಿಂದ ಬುಡದವರೆಗೆ ಪೂರ್ತಿ ತೆಗೆಯಬೇಕು.

ಮೊದಲ ತಟ್ಟೆಗೆ ಬೆಣ್ಣೆಯಲ್ಲಿ ಬೇಯಿಸಿದ ಶಿಕೋಂ. ಪಟ್ಟಿಯಲ್ಲಿ ಹ್ಯಾಮ್ (ಹಂದಿಮಾಂಸ) ಸುತ್ತಿ ಚೀಸ್ ಹಾಕಿದ್ದೇ ಕಾಣುತ್ತದೆ, ಹ್ಯಾಮ್ ಇಲ್ಲದೆ ಮಾಡಿಕೊಡಿ ಎಂದು ಮೊದಲೇ ಬರೆದರೆ ಮಾಡುತ್ತಾರೆ. ಇದು ಬೇರಾವುದೂ ಅಲ್ಲ, ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಚಿಕೋರಿಯ ಬಳಗ. ಬೇರನ್ನು ಹುರಿದು ಪುಡಿ ಮಾಡಿದರೆ ಕಾಫಿಗೆ. ತಳಿ ಬೇರೆ, ಆದರೆ ಅದೇ ಜಾತಿಯ ಬೇರನ್ನು ಕತ್ತಲಲ್ಲಿಟ್ಟು ಚಿಗುರಿಸಿದರೆ ಈ ಬೆಳ್ಳನೆಯ ಮೊಗ್ಗು. ಕಹಿ ಇರುವುದು ಬುಡದ ತಿರುಳಲ್ಲಿ, ಅದನ್ನು ಕೊರೆದು ತೆಗೆದು ಚಿಟಿಕೆ ಸಕ್ಕರೆ, ನಿಂಬೆ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡುತ್ತಾರೆ. ಹಾಗಲಕಾಯಿ ತಿನ್ನುವವರಿಗೆ ಇಷ್ಟವಾಗುತ್ತದೆ.

ರೆಸ್ಟೋರೆಂಟ್‌ಗೆ ಹೀಗೆ ಪತ್ರ ಹಾಕಿ, ಇಂಗ್ಲಿಷ್‌ನಲ್ಲೇ ಸಾಕು: ‘ಆರು ಜನ, ಇಂಥ ದಿನ. ಇಬ್ಬರು ಮಾಂಸ, ಮೀನು, ಮೊಟ್ಟೆ, ಮಾಂಸದ ರಸ, ಜೆಲಾಟಿನ್ ತಿನ್ನುವುದಿಲ್ಲ. ಹಾಲು ಮತ್ತು ಬೆಣ್ಣೆ ಆಗಬಹುದು. ಅವರಿಗೆ ಶತಾವರಿ ಮೊಟ್ಟೆಯಿಲ್ಲದೆ, ಶಿಕೋಂ ಹ್ಯಾಮ್ ಇಲ್ಲದೆ ಕೊಡಲು ಆಗುತ್ತದೆಯೇ? ಫ್ರೈಸ್ ಯಾವ ಎಣ್ಣೆಯಲ್ಲಿ ಕರಿಯುತ್ತೀರಿ?’ ಇಷ್ಟೇ. ಮೂರು ನಾಲ್ಕು ಮನೆಗಳಿಗೆ ಕಳಿಸಿ. ‘ನಮ್ಮಲ್ಲಿ ಸಸ್ಯಾಹಾರಿ ಆಯ್ಕೆಗಳಿವೆ’ ಎಂಬ ಒಂದು ಸಾಲಿನ ಉತ್ತರ ಬಂದರೆ ಆ ಮನೆ ಬಿಡಿ. ಎಣ್ಣೆಯ ಹೆಸರು ಹೇಳಿ, ತಟ್ಟೆಯ ಹೆಸರು ಹೇಳಿ ಉತ್ತರಿಸಿದ ಮನೆಯಲ್ಲಿ ಕಣ್ಣುಮುಚ್ಚಿ ಕಾಯ್ದಿರಿಸಿ. ಆ ಉತ್ತರದ ಪ್ರತಿ ಫೋನಿನಲ್ಲಿಟ್ಟುಕೊಂಡು ಮಾಣಿಗೆ ತೋರಿಸಿ. ಪತ್ರ ಓದಿದವರು ಒಬ್ಬರು, ಆ ರಾತ್ರಿ ಬಡಿಸುವವರು ಇನ್ನೊಬ್ಬರು.

---

ಬಿಕೆಸಿ_ಬೆಳಗು

ಕಾಯ್ದಿರಿಸುವ ಕೆಲಸದ ಬಗ್ಗೆ ಚುಟುಕಾಗಿ.

ಮೇನಲ್ಲಿ ಬ್ರಸೆಲ್ಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಫೋನ್ ಮಾಡುವುದಾದರೆ ಮುಂಬೈ ಸಮಯ ಮಧ್ಯಾಹ್ನ 2ರಿಂದ 3ರ ಒಳಗೆ ಮಾಡಿ, ಅಲ್ಲಿ ಆಗ ಹತ್ತೂವರೆ-ಹನ್ನೊಂದೂವರೆ, ಮಧ್ಯಾಹ್ನದ ಊಟ ಶುರುವಾಗಿರುವುದಿಲ್ಲ. ಸಾಮಾನ್ಯವಾಗಿ ಅಡುಗೆಮನೆ ನಡೆಯುವುದು 12ರಿಂದ 2, ಮತ್ತೆ ಸಂಜೆ 7ರಿಂದ ಸುಮಾರು 10. ಬ್ರಾಸರಿಗಳು ನಡುವೆಯೂ ತೆರೆದಿರುತ್ತವೆ. ಮೇಲ್ದರ್ಜೆಯ ಮನೆಗಳಿಗೆ ಭಾನುವಾರ, ಸೋಮವಾರ ರಜೆ ಹೆಚ್ಚು. ಮೇನಲ್ಲಿ ಇನ್ನೊಂದು ತೊಡಕು: ಈಸ್ಟರ್ ಕಳೆದು 39ನೇ ದಿನದ ಅಸೆನ್ಷನ್ ಗುರುವಾರ, ಆಮೇಲೆ ಪೆಂಟೆಕೊಸ್ಟ್ ಸೋಮವಾರ, ಎರಡೂ ಸಾರ್ವಜನಿಕ ರಜೆ. ಗುರುವಾರದ ರಜೆಗೆ ಶುಕ್ರವಾರವನ್ನೂ ಸೇರಿಸಿ ಮುಚ್ಚುವವರಿದ್ದಾರೆ. ನಿಮ್ಮ ತಾರೀಖನ್ನು ಆ ಕ್ಯಾಲೆಂಡರಿಗೂ, ಅಪ್ಪ-ಅಮ್ಮ ಏಕಾದಶಿ ಮಾಡುವವರಾದರೆ ಪಂಚಾಂಗಕ್ಕೂ ಹಿಡಿದು ನೋಡಿ.

ಆರು ಜನಕ್ಕೆ ಅನೇಕ ಕಡೆ ಕಾರ್ಡ್ ಖಾತರಿ ಕೇಳುತ್ತಾರೆ. ಹಣ ಕಡಿತವಾಗುವುದಿಲ್ಲ, ಆದರೆ 24 ಅಥವಾ 48 ಗಂಟೆ ಮೊದಲು ತಿಳಿಸದೆ ತಪ್ಪಿಸಿದರೆ ತಲೆಗೆ ಇಷ್ಟೆಂದು ವಸೂಲಿ ಮಾಡುತ್ತಾರೆ. ನಾಲ್ವರೇ ಹೋದರೂ ಇಬ್ಬರದು ಕಡಿತವಾಗಬಹುದು, ಷರತ್ತು ಓದಿ. ನಮ್ಮ ಕಾರ್ಡ್‌ಗಳಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವ್ಯವಹಾರ ಮುಚ್ಚಿರುವುದೇ ಹೆಚ್ಚು. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ತೆರೆದು, ಮುಂಬೈಯಲ್ಲಿ ಇರುವಾಗಲೇ ಈ ಕೆಲಸ ಮುಗಿಸಿ. ಅಲ್ಲಿ ಹೋಗಿ ಸಿಮ್ ಬದಲಿಸಿದ ಮೇಲೆ ಒಟಿಪಿ ಬರದೆ ಒದ್ದಾಟ. ಫಾರೆಕ್ಸ್ ಕಾರ್ಡ್ ಕೆಲವೆಡೆ ಖಾತರಿಗೆ ಒಪ್ಪುವುದಿಲ್ಲ, ಕ್ರೆಡಿಟ್ ಕಾರ್ಡ್ ಕೊಡಿ.

ಬಿಲ್ ಕೊಡುವಾಗ ಯಂತ್ರ ‘ರೂಪಾಯಿಯೋ ಯೂರೊವೋ’ ಎಂದು ಕೇಳಿದರೆ ಯೂರೊ ಒತ್ತಿ, ರೂಪಾಯಿ ಒತ್ತಿದರೆ ಅವರ ವಿನಿಮಯ ದರ ಬೀಳುತ್ತದೆ. ಪಟ್ಟಿಯ ಬೆಲೆಯಲ್ಲಿ ತೆರಿಗೆ, ಸೇವಾ ಶುಲ್ಕ ಎರಡೂ ಸೇರಿರುತ್ತವೆ. ಟಿಪ್ಸ್ ಕಡ್ಡಾಯವಲ್ಲ, ಸೇವೆ ಹಿಡಿಸಿದರೆ 463 ಆದದ್ದನ್ನು 480 ಮಾಡಿದರೆ ಸಾಕು. ನೀರು ಪುಕ್ಕಟೆ ಅಲ್ಲ. ‘ಪ್ಲಾತ್’ ಅಂದರೆ ಸಾದಾ, ‘ಪೇತಿಯಾಂತ್’ ಅಂದರೆ ಗ್ಯಾಸಿನದು. ಒಂದು ಲೀಟರಿನ ಬಾಟಲಿ ಎಂದು ಹೇಳಿ ತರಿಸಿ. ಹೇಳದಿದ್ದರೆ ಆರು ಪುಟ್ಟ ಬಾಟಲಿ ಬಂದು ಬಿಲ್ಲಿಗೆ ಸೇರುತ್ತವೆ.

---

ಗೋರೆಗಾಂವ್_ಗಿರಿ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಭಾವನಿಗೆ ಮಸ್ಸೆಲ್ ಸುದ್ದಿ ಮುಟ್ಟಿಸಿದೆ, ನಂಗು ಮೀನಿನ ಹೆಸರು ಕೇಳಿ ಒಪ್ಪಿದರು. ಇನ್ನು ಮೂರು ಪ್ರಶ್ನೆ: ಅಪ್ಪ-ಅಮ್ಮನಿಗೆ ಸಿಹಿ ಏನು ಸಿಗುತ್ತದೆ? ಭಾವನ ಕ್ರೋಕೆಟ್ ಜೊತೆ ಬಿಯರ್ ಯಾವುದು? ಅಮ್ಮನ ಮಂಡಿಗೆ ಆ ಹಳೇ ಪೇಟೆಯ ಓಣಿ ಆಗುತ್ತದೆಯೇ?

---

ತುಂಗಾ_ಠಾಣೆ

ಸಿಹಿಯಲ್ಲಿ ಮೊಟ್ಟೆ ತಪ್ಪಿಸುವುದು ಉಪ್ಪಿನ ತಟ್ಟೆಗಿಂತ ಕಷ್ಟ. ಬ್ರಸೆಲ್ಸ್ ವಾಫಲ್ ಹಗುರಾಗುವುದೇ ನೊರೆ ಬರಿಸಿದ ಮೊಟ್ಟೆಯ ಬಿಳಿಯಿಂದ. ಲಿಯೇಝ್ ವಾಫಲ್ ಯೀಸ್ಟಿನ ಹಿಟ್ಟಿನದಾದರೂ ಅದರಲ್ಲೂ ಮೊಟ್ಟೆ ಇದೆ. ಚಾಕೊಲೇಟ್ ಮೂಸ್‌ನಲ್ಲಿ ಹಸಿ ಮೊಟ್ಟೆ, ‘ದಾಮ್ ಬ್ಲಾಂಶ್’ ಐಸ್‌ಕ್ರೀಮಿನಲ್ಲಿ ಹಳದಿ, ಬವರುವಾ ಎಂಬ ಕೆನೆಯ ಸಿಹಿಯಲ್ಲಿ ಪ್ರಾಣಿಮೂಲದ ಜೆಲಾಟಿನ್. ಆದರೆ ಮೇ ಕೊನೆಗೆ ಅಲ್ಲಿ ಸ್ಟ್ರಾಬೆರಿಯ ಕಾಲ. ನಾಮ್ಯುರ್ ಹತ್ತಿರದ ವೇಪಿಯೋಂ, ಉತ್ತರದ ಹೋಖ್‌ಸ್ಟ್ರಾತನ್ ಎರಡೂ ಊರು ಅದಕ್ಕೇ ಹೆಸರುವಾಸಿ. ಸ್ಟ್ರಾಬೆರಿ, ಕಡೆದ ಕೆನೆ, ಜೊತೆಗೆ ಹಣ್ಣಿನ ಸೋರ್ಬೆ (ಹಾಲಿಲ್ಲದ ಐಸ್). ಸೋರ್ಬೆಗೆ ಮೊಟ್ಟೆಯ ಬಿಳಿ ಹಾಕಿದ್ದಾರೆಯೇ ಎಂದು ಆ ಪತ್ರದಲ್ಲೇ ಒಂದು ಸಾಲು ಸೇರಿಸಿ. ಮೇಜಿನಲ್ಲಿ ನೆನಪಿಸಲು ಮೂರು ಮಾತು ಬಾಯಿಪಾಠ ಮಾಡಿ: ಸಾಂ ವ್ಯಾಂದ್ (ಮಾಂಸವಿಲ್ಲದೆ), ಸಾಂ ಪ್ವಾಸೋಂ (ಮೀನಿಲ್ಲದೆ), ಸಾಂಝ್ ಅಫ್ (ಮೊಟ್ಟೆಯಿಲ್ಲದೆ).

---

ಕಾರವಾರದ_ಕಡಲು

ಕ್ರೋಕೆಟ್‌ಗೆ ಗೂಝ್. ಬ್ರಸೆಲ್ಸ್ ಸುತ್ತಲಿನ ಗಾಳಿಯ ಕಾಡು ಯೀಸ್ಟಿನಿಂದಲೇ ಹುಳಿಬರುವ ಲಾಂಬಿಕ್ ಬಿಯರನ್ನು, ಎಳೆಯದು ಹಳೆಯದು ಬೆರೆಸಿ ಬಾಟಲಿ ತುಂಬಿದ್ದು. ಹುಳಿ ಇರುವುದರಿಂದ ಕರಿದ ತಿಂಡಿಯ ಜಿಡ್ಡು ಕಡಿಯುತ್ತದೆ, ನಿಂಬೆ ಹಿಂಡಿದ ಹಾಗೆ. ಎಚ್ಚರವಿರಲಿ, ಅಲ್ಲಿಯ ಬೇರೆ ಬಿಯರ್‌ಗಳು ನಮ್ಮ 5 ಶೇಕಡಾದವಲ್ಲ. ಡೂವೆಲ್ 8.5, ವೆಸ್ಟ್‌ಮಾಲೆ ಟ್ರಿಪೆಲ್ 9.5, ರೋಶ್‌ಫೋರ್ 10 ಎಂಬುದರಲ್ಲಿ 11.3 ಶೇಕಡಾ. ಆ 10 ಎಂಬುದು ಶೇಕಡಾ ಎಂದು ತಿಳಿದು ಕುಡಿಯುವವರಿದ್ದಾರೆ.

---

ಮಾಟುಂಗ_ಮಂದಾರ

ಮಂಡಿಯ ವಿಷಯ. ಆ್ಯಂಟ್‌ವರ್ಪ್ ಸೆಂಟ್ರಲ್‌ನಿಂದ ಬ್ರಸೆಲ್ಸ್ ಸೆಂಟ್ರಲ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆಯಿಂದ 50 ನಿಮಿಷ. ಇಳಿಯಬೇಕಾದದ್ದು ಸೆಂಟ್ರಲ್, ಬ್ರಸೆಲ್ಸ್‌ನ ಇನ್ನೊಂದು ನಿಲ್ದಾಣವಾದ ಮಿಡಿ ಅಲ್ಲ. ಅಲ್ಲಿಂದ ಗಲೇರಿ ಸಾಂತ್ಯುಬೇರ್ ಐದಾರು ನಿಮಿಷದ ನಡಿಗೆ. 1847ರಲ್ಲಿ ತೆರೆದ ಗಾಜಿನ ಸೂರಿನ ಅಂಗಡಿಬೀದಿ ಅದು, ನೆಲ ಸಮತಟ್ಟು, ಮಳೆ ಬಂದರೂ ಚಿಂತೆಯಿಲ್ಲ. ರ‍್ಯೂ ದೇ ಬೂಶೇ ಆ ಗಲೇರಿಯನ್ನೇ ನಡುವೆ ಅಡ್ಡ ಕತ್ತರಿಸಿ ಹೋಗುತ್ತದೆ. ಗಲೇರಿಯೊಳಗಿಂದ ಬಂದರೆ ಗುಂಡುಕಲ್ಲು ಹಾಸಿನ ಓಣಿಯಲ್ಲಿ ಅಮ್ಮ ನಡೆಯಬೇಕಾದದ್ದು ಕೆಲವೇ ಹೆಜ್ಜೆ. ಊರಿನ ಹಳೆಯ ಮುಖ್ಯ ಚೌಕ ಗ್ರಾಂ ಪ್ಲಾಸ್ ಕಡೆಯಿಂದ ಸುತ್ತಿ ಬಂದರೆ ಪೂರ್ತಿ ಕಲ್ಲುಹಾಸು. ಟ್ಯಾಕ್ಸಿ ಓಣಿಯೊಳಗೆ ಬರುವುದಿಲ್ಲ.

ಆ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ನೆಲಮಾಳಿಗೆಯಲ್ಲೋ ಮಹಡಿಯಲ್ಲೋ ಬೇಡ, ರಸ್ತೆ ಮಟ್ಟದ ಮೇಜು ಬೇಕು, ಶೌಚಾಲಯಕ್ಕೆ ಎಷ್ಟು ಮೆಟ್ಟಿಲು ಎಂದು ತಿಳಿಸಿ. ಬ್ರಸೆಲ್ಸ್‌ನ ಹಳೆಯ ಕಟ್ಟಡಗಳಲ್ಲಿ ಶೌಚಾಲಯ ಕಡಿದಾದ ಮೆಟ್ಟಿಲಿಳಿದು ನೆಲಮಾಳಿಗೆಯಲ್ಲಿರುವುದೇ ಹೆಚ್ಚು. ಮತ್ತೆ ಸಂಜೆಯ ಮೊದಲ ಹೊತ್ತು, 6:30 ಅಥವಾ 7ಕ್ಕೇ ಮೇಜು ಹಿಡಿಯಿರಿ. ಊಟದ ಕೋಣೆ ಇನ್ನೂ ಖಾಲಿ, ಮಾಣಿಗೆ ನಿಮ್ಮ ಪತ್ರ ಓದಲು ಬಿಡುವು, ಶತಾವರಿ ಮುಗಿದಿರುವುದಿಲ್ಲ. ಒಂಬತ್ತೂವರೆಗೆ ಎದ್ದರೆ ಹೊರಗೆ ಇನ್ನೂ ಬೆಳಕಿರುತ್ತದೆ, ವಾಪಸ್ ರೈಲಿಗೂ ಆತುರವಿಲ್ಲ.